ಮೂರೇ ಸಾಕೆಂದ ಪ್ರಮೇಯ

ನಾನಿದ್ದ ಕಾಲೇಜಿನ ಗ್ರಂಥಾಲಯಕ್ಕೆ ಹಳೆಯ ಅಧ್ಯಾಪಕರ ಸಂಶೋಧನಾ ಪ್ರಬಂಧಗಳು ಬೇಕಂತೆ. ಬೀರುವಿನ ತಳದಿಂದ ನನ್ನದನ್ನು ಎಳೆದೆ. ಕಾರ್ಬನ್ ಕಾಗದದ ವಾಸನೆ ಇನ್ನೂ ಹೋಗಿಲ್ಲ. ಇಷ್ಟು ವರ್ಷ ಯಾರೂ ತೆರೆಯದಿದ್ದರೆ ಹೋಗುವುದಾದರೂ ಹೇಗೆ, ಹೇಳಿ.

ತೊಂಬತ್ತರ ದಶಕದಲ್ಲಿ ನಾನು ಕಲ್ಯಾಣದುರ್ಗದಲ್ಲಿ ಗಣಿತ ಹೇಳುತ್ತಿದ್ದೆ. ಸಂಶೋಧನೆಯ ವಿಷಯ, ಹಲವು ಚರಾಂಶಗಳ ಫಲನಗಳಿಗೆ ವೇವ್‌ಲೆಟ್ ಆಧಾರಗಳು. ಹೆದರಬೇಡಿ. ಒಂದು ಫಲನವನ್ನು, ಅಂದರೆ ಫಂಕ್ಷನ್ನನ್ನು, ಪುಟ್ಟ ಅಲೆಗಳಾಗಿ ಬಿಡಿಸುವುದು, ಅವನ್ನೇ ಕೂಡಿಸಿ ಮೊದಲಿನ ಫಲನವನ್ನು ಮರಳಿ ಪಡೆಯುವುದು, ಅಷ್ಟೇ. ಉಳಿದವೆಲ್ಲ ಹುಟ್ಟುವ ಮೂಲದ ಅಲೆಗೆ ತಾಯಿ ಅಲೆ ಎಂದು ಹೆಸರು. ಬೆಳುಗುಪ್ಪದ ನೆಂಟರು ನಾನು ರಾಕೆಟ್ಟಿಗೆ ಏನೋ ಮಾಡುತ್ತಿದ್ದೇನೆಂದು ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಇಂಥದ್ದನ್ನು ಟೈಪ್ ಮಾಡುವವರು ನಮ್ಮ ಸುತ್ತಿನಲ್ಲಿ ಒಬ್ಬರೇ, ಹಿಂದೂಪುರದ ಶಾಂತಮ್ಮ. ಹುಣಸೆ ಮಂಡಿಯ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ. ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಯಂತ್ರದಲ್ಲಿ ಗ್ರೀಕ್ ಅಕ್ಷರಗಳಿರಲಿಲ್ಲ. ಅವರು ಜಾಗ ಬಿಟ್ಟು ಟೈಪ್ ಮಾಡಿ, ಆಮೇಲೆ ಕಪ್ಪು ಶಾಯಿಯಲ್ಲಿ ಒಂದೊಂದನ್ನೂ ಕೈಯಿಂದ ತುಂಬುತ್ತಿದ್ದರು.

“ಬಿಡ್ಸಿ ಸೇರ್ಸುದ್ರೆ ಅದೇ ಬತ್ತದೆ ಅಂತ ತೋರ್ಸಕ್ಕೆ ಇಷ್ಟು ಹಾಳೆನಾ ಸಾರ್? ಅದು ಮೊದ್ಲೇ ಇತ್ತಲ್ಲ,” ಎಂದು ಒಮ್ಮೆ ಕೇಳಿದರು.

ನಾನು ವಿದ್ವಾಂಸರ ನಗೆ ನಕ್ಕೆ. ಪದವಿಗಿಂತ ಮೊದಲು ಕಲಿತದ್ದು ಅದನ್ನೇ.

ಕೊನೆಯ ಅಧ್ಯಾಯ ಟೈಪಾಗುವ ಹೊತ್ತಿಗೆ ನನ್ನ ಪಿಎಚ್‌ಡಿ ನೋಂದಣಿ ಮುಗಿಯಲು ಒಂದೇ ವಾರ ಉಳಿದಿತ್ತು. ತಪ್ಪಿದರೆ ಆರು ವರ್ಷದ ಕೆಲಸ ನೀರುಪಾಲು. ಆಗ ಶಾಂತಮ್ಮ ಪೆನ್ನು ಎತ್ತಿಹಿಡಿದು ಕೇಳಿದರು:

“ಒಂದು ವೇರಿಯಬಲ್‌ಗೆ ತಾಯಿ ಅಲೆ ಒಂದು, ಎರಡಕ್ಕೆ ಮೂರು ಬರ್ದಿದೀನಿ. ಇಲ್ಲಿ ಎಷ್ಟು ವೇರಿಯಬಲ್ ಆದ್ರೂ ಮೂರೇ ಅಂತೀರ. ಎಂಗೆ ಸಾರ್?”

“ಕ್ಲಿಯರ್ಲಿ ಅಂತ ಬರೆದಿದೀನಲ್ಲಮ್ಮ.” ಸಾಧಿಸಿ ತೋರಿಸದೆ ದಾಟಿಕೊಳ್ಳಲು ಗಣಿತದವರು ಬಳಸುವ ಪದ ಅದು.

“ಬರ್ದಿದೀರ. ನಂಗೇ ಕಾಣ್ಲಿಲ್ಲ. ಸರೇ ಬಿಡಿ.”

ವಾಪಸ್ ಬರುವ ಬಸ್ಸು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಟಿಕೆಟ್ಟಿನ ಹಿಂಬದಿಯಲ್ಲಿ ಬಿಡಿಸಿ ನೋಡಿದೆ. ಮೂರು ವೇರಿಯಬಲ್ಲಿಗೆ ತಾಯಿ ಅಲೆ ಏಳು ಬೇಕು. ಮೂರನ್ನೇ ನೆಚ್ಚಿಕೊಂಡರೆ ಎಷ್ಟೋ ಚೂರುಗಳು ಕಳೆದುಹೋಗಿ, ಮೊದಲಿನ ಫಲನ ಮರಳಿ ಬರುವುದೇ ಇಲ್ಲ. ನನ್ನ ಮುಖ್ಯ ಪ್ರಮೇಯ ಸುಳ್ಳಾಗಿತ್ತು. ಪ್ರಾಮಾಣಿಕರು ಇಂಥಲ್ಲಿ ಏನು ಮಾಡುತ್ತಾರೋ ಅದೊಂದನ್ನು ಬಿಟ್ಟು, ಪ್ರಬಂಧವನ್ನು ಇದ್ದಂತೆಯೇ ಸಲ್ಲಿಸಿದೆ. ಕೊನೆಯ ಅಧ್ಯಾಯ ವಿಶೇಷವಾಗಿ ಸ್ಪಷ್ಟವಾಗಿದೆ ಎಂದು ಪರೀಕ್ಷಕರು ಹೊಗಳಿದರು.

ಪದವಿ ಬಂದಾಗ ಸಿಹಿ ತೆಗೆದುಕೊಂಡು ಹಿಂದೂಪುರಕ್ಕೆ ಹೋದೆ.

“ಆ ಜಾಗ ಸರಿ ಮಾಡಿದ್ರಾ ಸಾರ್?”

“ಮಾಡಿದೆನಮ್ಮ.”

ಶಾಂತಮ್ಮ ಪೊಟ್ಟಣ ಮೇಜಿನ ಮೇಲಿಟ್ಟರು. “ಯಾರತ್ರ ಟೈಪ್ ಮಾಡ್ಸಿದ್ರಿ?”

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದು. ಕೊಟ್ಟ ಕಾಫಿಯನ್ನು ಬಾಯಿ ಸುಡುವಂತೆ ಕುಡಿದು ಎದ್ದುಬಂದೆ. ಅಂದಿನ ನಾಚಿಕೆ ಇವತ್ತಿಗೂ ಆರಿಲ್ಲ. ಮತ್ತೆ ಆ ಮಹಡಿ ಹತ್ತಲಿಲ್ಲ.

ಇವತ್ತು ಆ ಪುಟ ತೆರೆದು, ‘ಕ್ಲಿಯರ್ಲಿ’ಯನ್ನು ಹೊಡೆದುಹಾಕಿ, ಅಂಚಿನಲ್ಲಿ ಬರೆದೆ: ‘ಇದು ತಪ್ಪು. ಮೊದಲು ಕಂಡವರು ಇದನ್ನು ಟೈಪ್ ಮಾಡಿದ ಶಾಂತಮ್ಮ.’ ಗ್ರಂಥಾಲಯ ಆಮೇಲೆ. ನಾಳೆ ಮೊದಲು ಹಿಂದೂಪುರಕ್ಕೆ ಹೋಗಿ ಅವರ ಮುಂದೆ ಆ ಪುಟ ಇಡಬೇಕು. ಈ ಸಲ ಇನ್ನೇನು ಕೇಳುತ್ತಾರೋ.