ತಿರುವಿನ ಮನೆಯ ಬೀಪಿ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ರಾಗಿಯನ್ನು ಬಿಸಿಲಿಗೆ ಹರವಿದೆ. ಎರಡು ದಿಂಬಿನ ಕವರು ಹೊಲಿದೆ. ಹನ್ನೊಂದಕ್ಕೆ ಕ್ಲಿನಿಕ್ಕಿಗೆ ಹೋಗಿ ಮಂಡಿನೋವಿಗೆ ಮುಲಾಮು ಕೇಳಿದರೆ, ಅಲ್ಲಿನ ನರ್ಸಮ್ಮ ನಾನು ಕೇಳದ ಬೀಪಿಯನ್ನೂ ನೋಡಿ ಹುಬ್ಬೇರಿಸಿದಳು. ಜಾಸ್ತಿಯೇ ಇತ್ತು. ತೋಳಿಗೆ ಸುತ್ತಿದ ಪಟ್ಟಿ ಉಸ್ಸೆಂದು ಸಡಿಲವಾಗುವ ಸದ್ದಿಗೆ ನನಗೆ ನೆನಪಾದದ್ದು ಮಾತ್ರ ನನ್ನ ಎದೆಯಲ್ಲ, ನಮ್ಮ ಮಾವನವರ ಎದೆ.

ಹೊಳೆನರಸೀಪುರದಲ್ಲಿ ನಮ್ಮದು ರಸ್ತೆ ತಿರುವಿನ ಮನೆ. ಎದುರಿನಿಂದ ಬರುವುದು ಕಾಣದ್ದರಿಂದ ಬಸ್ಸಿನವರೆಲ್ಲ ನಮ್ಮ ಕಿಟಕಿಯ ಪಕ್ಕಕ್ಕೇ ಬಂದು ಹಾರ್ನ್ ಒತ್ತುತ್ತಾರೆ. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಪ್ರತಿ ಹಾರ್ನಿಗೂ ಕೈಯಲ್ಲಿದ್ದ ಸೌಟು ಬೀಳಿಸುತ್ತಿದ್ದೆ. ಮಾವನವರಿಗೆ ಮಾತ್ರ ಅದೇ ವಿದ್ಯೆ. ತೆಂಗಿನಕಾಯಿ ವ್ಯಾಪಾರವನ್ನು ಮಗನಿಗೆ ಬಿಟ್ಟು ಜಗಲಿ ಹಿಡಿದ ಮೇಲೆ, ಬರಿಯ ಹಾರ್ನ್ ಕೇಳಿ ಯಾವ ಊರಿನ ಬಸ್ಸೆಂದು ಹೇಳುವುದನ್ನು ಅವರು ಉದ್ಯೋಗ ಮಾಡಿಕೊಂಡಿದ್ದರು. ಹಾಸನದ ಬಸ್ಸು ಗದರುತ್ತದೆ, ಅರಕಲಗೂಡಿನದು ಕೆಮ್ಮುತ್ತದೆ, ಚನ್ನರಾಯಪಟ್ಟಣದ್ದು ಮದುವೆ ಮನೆಯ ವಾಲಗದಂತೆ ಎಳೆಯುತ್ತದೆ ಎಂಬುದು ಅವರ ಲೆಕ್ಕ. ಹೀಗಾಗಿ ಬಸ್ಸಿಗೆ ಕಾಯುವವರೆಲ್ಲ ನಮ್ಮ ಜಗಲಿಯಲ್ಲೇ.

"ಗೌಡ್ರೇ, ಅರಕಲಗೂಡು ಬಸ್ಸು ಓಗ್ಬುಡ್ತಾ?"

"ಇನ್ನೂ ಇಲ್ಲ ಕಣವ್ವಾ, ಈಗ ಕೂಗಿದ್ದು ಚನ್ರಾಯಪಟ್ಟಣದ್ದು. ಕೂತ್ಕ, ಎಲೆ ಅಡಿಕೆ ಆಕ್ಕ."

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಮಾವನವರು ಜಗಲಿಯಲ್ಲೇ ಎದೆ ಹಿಡಿದು ಕೂತರು. ಹಾಸನಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಮಾತ್ರೆ ಬರೆದು, ಬೀಪಿ ಇಳಿಯದಿದ್ದರೆ ಎದೆಗೇ ಅಪಾಯ, ಉಪ್ಪು ಕಡಿಮೆ ಮಾಡಿ ಎಂದರು. ಕಡಿಮೆ ಎಂದದ್ದು ಡಾಕ್ಟರು, ಪೂರ್ತಿ ನಿಲ್ಲಿಸಿದವಳು ನಾನು. ಉಪ್ಪಿನಕಾಯಿ ಜಾಡಿ ಅಟ್ಟ ಹತ್ತಿತು. ನನಗೆ ಅಧಿಕಾರ ಸಿಕ್ಕಿದರೆ ಹೀಗೆಯೇ, ನೀವು ಪರೀಕ್ಷೆ ಮಾಡಲು ಹೋಗಬೇಡಿ.

"ಉಪ್ಸಾರಿಗೆ ಉಪ್ಪಿಲ್ದಿದ್ರೆ ಅದ್ನ ಏನಂತ ಕರೀಬೇಕವ್ವಾ?" ಎಂದು ಮಾವ ತಟ್ಟೆ ನೋಡುತ್ತಾ ಕೇಳುತ್ತಿದ್ದರು.

"ಔಷ್ದಿ ಅಂತ ಕರೀರಿ ಮಾವ."

ನಾಲ್ಕು ತಿಂಗಳು ಕಳೆದರೂ ಬೀಪಿ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಕದ್ದು ತಿನ್ನುತ್ತಾರೆಂದು ನಾನು ಅವರ ಅಂಗಿಯ ಜೇಬನ್ನೂ ಮೂಸಿ ನೋಡಿದ್ದುಂಟು. ಅಷ್ಟರಲ್ಲಿ ಅರಕಲಗೂಡಿನ ಕಡೆ ಹೊಲದ ನಡುವಿನ ಮನೆಯಲ್ಲಿರುವ ನಾದಿನಿ, ಮಗುವಿಗೆ ಹೆಸರಿಡುವ ನೆವದಲ್ಲಿ ಅಪ್ಪನನ್ನು ಕರೆದುಕೊಂಡು ಹೋದಳು. ಮಾವ ಅಲ್ಲಿ ಹದಿನೈದು ದಿನ ಉಳಿದರು. ಅಲ್ಲಿ ದಿನವೂ ಉಪ್ಪಿನಕಾಯಿಯಂತೆ! ಸುದ್ದಿ ಕೇಳಿ ನನ್ನ ಬೀಪಿಯೇ ಏರಿರಬೇಕು. ಹಿಂತಿರುಗುವಾಗ ಅವರನ್ನು ಮನೆಗೂ ಬಿಡದೆ ನೇರವಾಗಿ ಡಾಕ್ಟರ ಮುಂದೆ ಕೂರಿಸಿದೆ. ನೋಡಿದರೆ, ಬೀಪಿ ಇಳಿದಿತ್ತು!

"ಏನು ಮಾಡಿದಿರಿ?" ಎಂದರು ಡಾಕ್ಟರು.

"ಉಪ್ಪಿನ್ಕಾಯಿ ತಿಂದೆ ಸಾ," ಎಂದು ಮಾವ ನನ್ನತ್ತ ನೋಡಿದರು. ಆ ನೋಟವನ್ನು ನಾನಿನ್ನೂ ಮರೆತಿಲ್ಲ.

ಡಾಕ್ಟರು ನಕ್ಕು, ಉಪ್ಪಿಗೆ ಅಷ್ಟು ಮರ್ಯಾದೆ ಕೊಡದೆ, ಅಲ್ಲಿ ಮಲಗುತ್ತಿದ್ದದ್ದೆಲ್ಲಿ, ಇಲ್ಲಿ ಮಲಗುವುದೆಲ್ಲಿ ಎಂದು ವಿಚಾರಿಸಿದರು. ಇಲ್ಲಿ ರಸ್ತೆ ಕಡೆಯ ಕೋಣೆ, ಕಿಟಕಿಗೆ ತಲೆ, ಮೊದಲ ಬಸ್ಸು ನಾಲ್ಕೂವರೆಗೆ ಎಂದು ನಾನೇ ಹೇಳಿದೆ.

"ಕಿವಿಗೆ ಸದ್ದು ರೂಢಿಯಾಗುತ್ತೆ ಯಜಮಾನರೇ, ಎದೆಗೆ ಆಗಲ್ಲ. ನೀವು ನಿದ್ದೆ ಮಾಡ್ತಿದ್ರೂ ಹಾರ್ನ್ ಬಂದಾಗಲೆಲ್ಲ ಅದು ಬೆಚ್ಚಿ ಬೀಳುತ್ತೆ. ಮಾತ್ರೆ ತಪ್ಪಿಸಬೇಡಿ, ಉಪ್ಪು ಹಿತವಾಗಿರಲಿ, ಮಂಚ ಹಿಂದಕ್ಕೆ ಹೋಗಲಿ."

ಉಪ್ಪು ಬಿಟ್ಟಿದ್ದ ಮಾವ ಕೋಣೆ ಬಿಡಲು ಒಪ್ಪಲಿಲ್ಲ.

"ನಾನ್ ಒಳಗಿನ್ ಕೋಣೆಗೋಗಿ ಕಾಯಿ ರಾಶಿ ಪಕ್ಕ ಮನಿಕಂಡ್ರೆ ಮುಂಜಾನೆ ಬಸ್ಸಿಗ್ ಬರೋರ್ಗೆ ಯಾರೇಳ್ತಾರೆ? ನಂಗೇನ್ ಆ ಸದ್ದು ಕೇಳ್ಸದೇ ಇಲ್ಲ ಕಣವ್ವ, ಒರಗಿದ್ರೆ ಎಣದಂಗೆ ನಿದ್ದೆ."

"ಹೆಣದಂಗೆ ಮಲಗಿರೋರು ಜಗಲಿಗೆ ಬಂದೋರಿಗೆ ಒಳಗಿಂದಲೇ 'ಇದು ಆಸನದ್ದು' ಅಂತ ಕೂಗೋದು ಹೆಂಗೆ ಮಾವ?"

ಮಾವ ಸುಣ್ಣದ ಡಬ್ಬಿ ಮುಚ್ಚಿದರು. "ನೀನು ಲಾಯ್ರಿಕೆ ಓದ್ಬೇಕಿತ್ತು," ಎಂದವರೇ ಹಾಸಿಗೆ ಸುತ್ತಿದರು. ಮೊದಲ ವಾರ, ಸದ್ದಿಲ್ಲದೆ ನಿದ್ದೆ ಬರುವುದಿಲ್ಲವೆಂದು ಎದ್ದು ಎದ್ದು ಕೂತರು. ಮುಂಜಾನೆಯ ಪ್ರಯಾಣಿಕರು ತಮ್ಮ ಬಸ್ಸುಗಳನ್ನು ತಾವೇ ಗುರುತಿಸಲು ಕಲಿತರು. ಮಾವನಿಗೆ ಅದು ಬೀಪಿಗಿಂತ ದೊಡ್ಡ ಬೇಜಾರು. ಇಳಿದ ಬೀಪಿ ಮಾತ್ರ ಮತ್ತೆ ಏರಲಿಲ್ಲ.

ಖಾಲಿಯಾದ ಮುಂದಿನ ಕೋಣೆಗೆ ಗಾಳಿ ಚೆನ್ನಾಗಿದೆಯೆಂದು ನಾನೂ ನಮ್ಮ ಯಜಮಾನರೂ ಸೇರಿಕೊಂಡೆವು. ಹತ್ತು ವರ್ಷದ ಮೇಲಾಯಿತು. ಮಾವನ ಎದೆಯ ಬಗ್ಗೆ ಅಷ್ಟು ಮುತುವರ್ಜಿ ವಹಿಸಿದವಳಿಗೆ, ಅದೇ ಕಿಟಕಿಯ ಕೆಳಗೆ ತನಗೂ ಒಂದು ಎದೆ ಇದೆಯೆಂದು ಹೊಳೆಯಲೇ ಇಲ್ಲ ನೋಡಿ.

ಇವತ್ತು ಕ್ಲಿನಿಕ್ಕಿನ ಚೀಟಿ ನೋಡಿ ಯಜಮಾನರ ಮುಖ ಸಣ್ಣದಾಯಿತು. "ನಾಳೆಯಿಂದ ಉಪ್ಪು ನಿಲ್ಸು," ಎಂದರು. ಎಂಬತ್ತು ದಾಟಿದ ಮಾವ ಒಳಗಿನಿಂದಲೇ ಗದರಿದರು: "ಲೇ, ಮಂಚ ಎತ್ತಲಾ ಮೊದ್ಲು! ನಡೂಕೋಣೇಲಿ ಆಕು. ಮುಂದಿನ ಕೋಣೆಗೆ ಕಾಯಿ ತುಂಬು, ಕಾಯಿಗೇನ್ ಎದೆ ಇದ್ದಾದಾ?"

ನಾನು ಹಾಸಿಗೆ ಸುತ್ತಿದೆ. ಸಂಜೆಯೊಳಗೆ ಮಂಚ ಬದಲಾಯಿತು.

ರಾತ್ರಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂಬತ್ತಕ್ಕೇ ಎಲ್ಲರಿಗಿಂತ ಮೊದಲು ಮಲಗಿದವರು ಮಾವ, ನಡುಕೋಣೆಯ ಗೋಡೆಯಾಚೆ. ಡಾಕ್ಟರು ಹಾರ್ನಿನ ವಿಚಾರ ಹೇಳಿದ್ದರೇ ಹೊರತು ಗೊರಕೆಯ ವಿಚಾರ ಹೇಳಿರಲಿಲ್ಲ.