ನರ್ಸಮ್ಮ ಒಪ್ಪದ ಕುರಿಲೆಕ್ಕ

ನಮ್ಮ ನರ್ಸಮ್ಮನ ಎಡಹೆಗಲು ಬಲಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಲಸಿಕೆಯ ಐಸ್ ಡಬ್ಬಿಯನ್ನು ಅದೇ ಹೆಗಲಿಗೆ ಹಾಕಿಕೊಂಡು ಇಪ್ಪತ್ತು ವರ್ಷ ತೆಲಂಗಾಣದ ಮಕ್ತಲ್ ಸುತ್ತಲಿನ ಹಳ್ಳಿ ತಿರುಗಿದವರು. ಹೆಗಲು ಬದಲಿಸಬಾರದೇ ಎಂದರೆ, "ಬಲಗೈ ಸೂಜಿ ಹಿಡಿಯೂದು ಸಾರ್, ಅದಕ್ಕ ಆರಾಮ ಬೇಕ್ರಿ" ಎನ್ನುತ್ತಿದ್ದರು.

ಗದ್ವಾಲದ ಕಡೆಯ ಐಜ ಊರಿನ ಹೆಣ್ಣುಮಗಳು, ಮನೆಮಾತು ತೆಲುಗು. ಕನ್ನಡವನ್ನು ನಮ್ಮ ಕುರುಬರ ಕೇರಿಯಲ್ಲೇ ಕಲಿತರು, ಅದರಲ್ಲೂ ಬೈಗುಳವನ್ನು ಮೊದಲು. ಯಾವ ಮನೆಯ ಕೂಸಿಗೆ ಯಾವ ಸೂಜಿ ಬಾಕಿ ಎಂಬುದು ಅವರಿಗೆ ಬಾಯಿಪಾಠ. ಯಾರ ಮನೆಯಲ್ಲೂ ಸೂಜಿ ಹಾಕುವ ಮೊದಲು ಚಹಾ ಮುಟ್ಟುತ್ತಿರಲಿಲ್ಲ. "ಚಹಾ ಕುಡಿಸಿ ನಾಳಿ ಬಾ ಅಂತೀರಿ, ನನಗ ಗೊತ್ತಿಲ್ಲೇನು?" ಎಂದು ನಗುತ್ತಿದ್ದರು.

ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಕೇರಿಯಲ್ಲಿ ಜ್ವರ ಬಾರದ ಮನೆ ಇರಲಿಲ್ಲ. ಆಮೇಲೆ ಎಲ್ಲರೂ ಸೂಜಿಯನ್ನೂ ಹಾಕಿಸಿಕೊಂಡೆವು, ನನ್ನ ಅಜ್ಜಿಯೊಬ್ಬಳನ್ನು ಬಿಟ್ಟು. ಉಬ್ಬಸದ ಮುದುಕಿ, ಸೂಜಿಯ ಜ್ವರಕ್ಕೇ ಉಸಿರು ನಿಂತೀತೆಂದು ಅವಳಿಗೆ ಹೆದರಿಕೆ. ಆ ದಿನಗಳಲ್ಲಿ ಹೊಲದ ಗುಡಿಸಲಿನಲ್ಲಿ ಒಬ್ಬಳೇ ಇದ್ದುದರಿಂದ ಬೇನೆಯೂ ತಗುಲಿರಲಿಲ್ಲ.

ಹೊಸ ಕುರಿ ಕೊಂಡು ತಂದರೆ ಬೇನೆ ಉಂಡು ಗೆದ್ದ ಕುರಿಗಳ ನಡುವೆ ಬಿಡುವುದು ನಮ್ಮ ಮನೆಯ ರೂಢಿ. ಸುತ್ತಲಿನವಕ್ಕೆ ಬೇನೆ ಮತ್ತೆ ತಗುಲದು, ಹಾಗಾಗಿ ನಡುವಿನದಕ್ಕೂ ತಲುಪದು. ಅಪ್ಪ ಅದೇ ಲೆಕ್ಕ ಹಿಡಿದ. "ನಮ್ಮವ್ವ ಈಗ ನಡುವಿನ ಕುರಿ ನೋಡ್ರಿ. ಸುತ್ತ ನಾವೆಲ್ಲಾ ಬೇನಿ ಉಂಡವ್ರು ಅದೀವಿ. ಆಕಿಗ್ಯಾಕ ಸೂಜಿ?" ನಾನು ವಿಜ್ಞಾನದ ಮೇಷ್ಟ್ರು. ತಿದ್ದಬೇಕಾದವನು ಅಪ್ಪನಿಗಿಂತ ಜೋರಾಗಿ ತಲೆಯಾಡಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

"ಅಯ್ಯೋ ದೇವುಡಾ! ಸಾರ್, ನೀವೂನಾ?" ಎಂದರು ನರ್ಸಮ್ಮ. "ಕುರಿ ಬೇನಿಗೆ ನಿಮ್ಮ ಲೆಕ್ಕ ಬರೋಬರಿ. ದಡಾರಕ್ಕೂ ಬರೋಬರಿ. ಕೇರಿ ಮಕ್ಕಳಿಗೆಲ್ಲಾ ಸೂಜಿ ಬಿದ್ದಿದ್ದಕ್ಕ ಹಸುಗೂಸುಗಳು ಉಳದಾವ. ಇದು ಹಂಗಲ್ರಿ. ಇದು ವೇಷ ಬದಲಿಸಿ ಬರ್ತೈತಿ, ನಮ್ಮ ಮೈಯಾಗಿನ ಕಾವಲು ದಿನ ಹೋದಂಗ ಸಡಲಾಗ್ತೈತಿ. ನೀವು ಗಟ್ಟಿ ಅದೀರಿ, ನಿಮ್ಮ ಮೂಗು ಗಟ್ಟಿಲ್ಲ, ಬೇನಿ ಅಲ್ಲೇ ಕುಂತು ಮಂದಿಗೆ ಹಬ್ಬತೈತಿ. ನಿಮಗ ಬರೇ ನೆಗಡಿ, ಅವ್ವಗ ಅದೇ ಎದಿಗೆ ಇಳೀತೈತಿ."

"ಹಂಗಾರ ನಮ್ಮ ಸೂಜಿ ದಂಡಾತೇನ್ರಿ?" ಎಂದು ಕೊಂಕು ತೆಗೆದೆ.

"ದಂಡ ಯಾಕಾದೀತು? ದವಾಖಾನಿ ಸೇರೂದು ತಪ್ಪತೈತಿ, ಹಬ್ಬೂದೂ ಒಂದಿಷ್ಟು ಕಡಿಮಿ. ಆದ್ರ ಕಡಿಮಿ ಆಗೂದು ಬ್ಯಾರೆ, ನಿಲ್ಲೂದು ಬ್ಯಾರೆ."

ನಾಲ್ಕು ಸಲ ಬಂದರು, ನಾಲ್ಕು ಸಲವೂ ಚಹಾ ಮುಟ್ಟದೆ ಎದ್ದುಹೋದರು. ಬಂದವರು ಬರೀ ಬಾಯಲ್ಲಿ ಹೋಗುವುದೆಂದರೆ ಅಜ್ಜಿಗೆ ಜೀವ ಹೋದ ಹಾಗೆ. ಐದನೆಯ ಸಲ ಅವಳಿಗೆ ತಡೆಯಲಾಗಲಿಲ್ಲ.

"ಏನವ್ವಾ, ನಮ್ಮ ಮನಿ ಚಹಾ ನಿನಗ ಅಷ್ಟು ಬ್ಯಾಡಾತೇನು?"

"ಮೊದಲು ಸೂಜಿ, ಆಮ್ಯಾಲ ಚಹಾ. ಜ್ವರ ಬಂದ್ರ ನಾನ ಬಾಜೂಕ ಕುಂದರತೀನಿ, ಸರಿಯೇನು?"

ಅಜ್ಜಿ ಗೊಣಗುತ್ತ ಉಣ್ಣೆ ನೂಲುವ ಕದಿರು ಕೆಳಗಿಟ್ಟು ತೋಳು ಚಾಚಿದಳು. ನರ್ಸಮ್ಮ ಮಾತಿಗೆ ತಪ್ಪಲಿಲ್ಲ. ಸಂಜೆಯ ತನಕ ಕೂತು ಮೂರು ಚಹಾ ಕುಡಿದರು. ಎರಡನೇ ಸೂಜಿಯ ದಿನ ಅಜ್ಜಿಯೇ ಬಾಗಿಲಲ್ಲಿ ಕಾಯುತ್ತಿದ್ದಳು.

ಆ ಚಳಿಗಾಲ ಗದ್ವಾಲಕ್ಕೆ ಮದುವೆಗೆ ಹೋಗಿ ಬಂದೆ. ಗಂಟಲು ತುಸು ಕೆರೆಯುತ್ತಿತ್ತು, ಅಷ್ಟೇ. ಅಜ್ಜಿಯ ಪಕ್ಕ ಕೂತು ಮದುವೆಯ ಊಟ ವರ್ಣಿಸಿದೆ. ಮೂರನೆಯ ದಿನ ಅವಳಿಗೆ ಜ್ವರ, ಕೆಮ್ಮು. ಟೆಸ್ಟ್ ಮಾಡಿಸಿದರೆ ಇಬ್ಬರಿಗೂ ಅದೇ ಬೇನೆ. ನರ್ಸಮ್ಮ ದಿನಕ್ಕೆರಡು ಸಲ ಬಂದು ಅಜ್ಜಿಯ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು. ನಾರಾಯಣಪೇಟೆಯ ಆಸ್ಪತ್ರೆಗೆ ಗಾಡಿ ಹೇಳಿಟ್ಟಿದ್ದೆವು, ಬೇಕಾಗಲಿಲ್ಲ. ಎಂಟನೆಯ ದಿನ ಅಜ್ಜಿ ಕಾಲುಸೂಪು ಕೇಳಿದಳು.

"ನಾನ ತಂದೆನ್ರಿ" ಎಂದೆ ಅಂಗಳದಲ್ಲಿ, ತಲೆ ಎತ್ತಲಾಗದೆ.

"ನೀವು ತರದಿದ್ರ ನಾನ ತರ್ತಿದ್ನೇನೋ, ಯಾರಿಗ್ಗೊತ್ತು? ಅದಕ್ಕ ಸಾರ್, ನಿಮ್ಮ ಮೈಯಾಗಿನ ಕಾವಲು ನಂಬಲಿಲ್ಲ ನಾನು. ಅವ್ವನ ಮೈಯಾಗ ಒಂದು ಇಟ್ಟೆ."

ನಿವೃತ್ತಿಯಾಗಿ ಐಜಕ್ಕೆ ಹೋದ ಮರುವರ್ಷವೇ ನರ್ಸಮ್ಮ ಎದೆನೋವಿನಿಂದ ತೀರಿಕೊಂಡರು. ಎರಡು ದಿನದಿಂದ ನೋವಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಕೊನೆಯ ಸಲ ಮುಖ ನೋಡಲು ಐಜಕ್ಕೆ ಹೊರಟಾಗ, ಬೇಡವೆಂದರೂ ಅಜ್ಜಿ ಹಟ ಮಾಡಿ ನಮ್ಮೊಂದಿಗೆ ಜೀಪು ಹತ್ತಿದಳು. ಅಲ್ಲಿ ಅವರ ತಲೆಯ ಬಳಿ ಕೂತು, ತಣ್ಣಗಾದ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಗದರಿದಳು:

"ಊರ ಮಂದಿದೆಲ್ಲಾ ನೋಡಿದಿ. ನನಗ ನೋವೈತಿ ಅಂತ ಒಂದ್ ಮಾತು ಹೇಳಿದ್ರ, ನಾ ಬಂದು ಬಾಜೂಕ ಕುಂದರತಿರಲಿಲ್ಲೇನ ತಂಗಿ?"