ಹೆಚ್ಚು ಬಂದ ಮಣ್ಣು

ಆ ಬೀದಿಯವರು ಅವಳನ್ನು ಗೋಡೆ ಡಾಕ್ಟರಮ್ಮ ಎನ್ನುತ್ತಿದ್ದರು. ಬೆಳಿಗ್ಗೆ, ಸಂಜೆ ಮುಕ್ಕಾಲಿಯ ಮೇಲೆ ದುರ್ಬೀನು ನಿಲ್ಲಿಸಿ, ಮನೆಮನೆಯ ಗೋಡೆಗೆ ಹೊಡೆದಿದ್ದ ಮೊಳೆಗಳು ಗೋಡೆಯ ಸಮೇತ ಕೆಳಗಿಳಿದಿವೆಯೇ ಎಂದು ನೋಡುವುದು ಅವಳ ಕೆಲಸ. ಬೀದಿಯ ಅಡಿಯಲ್ಲಿ ಸುರಂಗ ಕೊರೆಯುವ ಯಂತ್ರ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವನು ಅವಳ ಅಕ್ಕನ ಗಂಡ. ಅವಳಿಗೆ ಈ ಕೆಲಸ ಕೊಡಿಸಿದ್ದೂ ಆ ಭಾವನೇ.

ಬಂಡೆ ಇದ್ದಷ್ಟು ದಿನ ಮೊಳೆಗಳು ಕದಲಲಿಲ್ಲ. ಬಂಡೆ ಮುಗಿದು ನೀರು ತುಂಬಿದ ಮರಳು ಶುರುವಾದ ವಾರವೇ ದರ್ಜಿ ಅಂಗಡಿಯ ಮೊಳೆ ನಾಲ್ಕು ಮಿಲಿಮೀಟರ್ ಇಳಿಯಿತು. ಮರುದಿನ ಮತ್ತೆ ಮೂರು. ಬಾಗಿಲು ಯಾಕೋ ಬಿಗಿಯಾಗಿದೆ ಎಂದು ದರ್ಜಿ ಗೊಣಗಿದ.

ಯಂತ್ರ ಒಂದು ಮೀಟರ್ ಮುಂದೆ ಹೋದರೆ ಇಂತಿಷ್ಟೇ ಮಣ್ಣು ಹೊರಬರಬೇಕು. ಹೆಚ್ಚು ಬಂದರೆ ಮೇಲೆ ನೆಲ ಟೊಳ್ಳಾಗುತ್ತಿದೆ ಎಂದರ್ಥ. ಭಾವ ಬರೆದಿಟ್ಟ ತೂಕ ಮಾತ್ರ ಒಂದಿಷ್ಟೂ ಆಚೀಚೆ ಇರಲಿಲ್ಲ. ಅದೇ ಅವಳ ತಲೆಯಲ್ಲಿ ಹುಳ ಬಿಟ್ಟಿತು. ಕೆಲಸ ಬೇಗ ಮುಗಿಸಿ ಎಂದು ಮೇಲಿನವರು ಬೆನ್ನು ಹತ್ತಿದ್ದರು. ಭಾವ ಸುಳ್ಳು ಬರೆಯುತ್ತಿದ್ದಾನೆಯೇ?

ಮರುದಿನ ಬೆಳಗಿನ ಅಳತೆ ಮುಗಿಸಿ, ಸುರಂಗದ ಗೇಟಿನ ಎದುರಿನ ಮೆಟ್ಟಿಲ ಮೇಲೆ ಕೂತು ಮಣ್ಣಿನ ಲಾರಿಗಳನ್ನು ಎಣಿಸತೊಡಗಿದಳು. ಊಟಕ್ಕೆ ಹೊರಬಂದ ಭಾವ ಇಲ್ಲೇನು ಮಾಡುತ್ತಿದ್ದೀಯೆಂದು ಕೇಳಿದ. ತಲೆನೋವು ಎಂದಳು. ಅವನು ತನ್ನ ನೀರಿನ ಬಾಟಲಿ ಕೊಟ್ಟು, ಮನೆಗೆ ಹೋಗೆಂದ. ತನ್ನನ್ನು ಸಾಗಹಾಕಲು ನೋಡುತ್ತಿದ್ದಾನೆ ಎಂದುಕೊಂಡಳು.

ಸಂಜೆಯ ಹೊತ್ತಿಗೆ, ದಾಖಲೆಯ ಪ್ರಕಾರ ನಲವತ್ತು ಲಾರಿ ಹೋಗಬೇಕಿದ್ದಲ್ಲಿ ನಲವತ್ತೊಂಬತ್ತು ಹೋಗಿದ್ದವು. ನೇರವಾಗಿ ದೊಡ್ಡ ಎಂಜಿನಿಯರ್ ಬಳಿಗೆ ನಡೆದಳು. ಎಲ್ಲವನ್ನೂ ಹೇಳಿದಳು, ಭಾವನ ಮೇಲಿನ ಅನುಮಾನವನ್ನೂ.

ಯಂತ್ರ ತಕ್ಷಣ ನಿಂತಿತು. ದರ್ಜಿಯ ಮನೆಯವರನ್ನು ಬೇರೆಡೆಗೆ ಕಳಿಸಿ, ಅಂಗಡಿ ಮುಂದಿನ ರಸ್ತೆ ಕೊರೆದು ನೋಡಿದರು. ಒಂದಾಳುದ್ದ ಕೆಳಗೆ ಕೋಣೆಯಷ್ಟು ದೊಡ್ಡ ಪೊಳ್ಳು. ಅದಕ್ಕೆ ಸಿಮೆಂಟ್ ಹಾಲು ತುಂಬಲು ಎರಡು ದಿನ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆ ಮುಗಿಯುವವರೆಗೆ ಭಾವನನ್ನು ಮನೆಯಲ್ಲಿ ಕೂರಿಸಿದರು. ಐದನೆಯ ದಿನ ನಿಜ ಹೊರಬಿತ್ತು. ಮಣ್ಣು ತೂಗುವ ತಕ್ಕಡಿಯ ಅಡಿಗೆ ಕೆಸರು ಸಿಕ್ಕಿಕೊಂಡು, ಅದು ಪೂರ್ತಿ ಕೆಳಗಿಳಿಯದೆ ಕಡಿಮೆ ತೋರಿಸುತ್ತಿತ್ತು. ಭಾವ ಅದು ತೋರಿಸಿದ್ದನ್ನೇ ಬರೆದಿದ್ದ. ತೂಕ ನಂಬುವಂತಿಲ್ಲ, ಪರೀಕ್ಷಿಸಿ ಎಂದು ಎರಡು ಸಲ ಚೀಟಿಯನ್ನೂ ಕೊಟ್ಟಿದ್ದ. ಎರಡೂ ಚೀಟಿ ಪಾಳಿಯ ಮೇಲ್ವಿಚಾರಕನ ಡ್ರಾಯರಿನಲ್ಲಿ ಬಿದ್ದಿದ್ದವು.

ಅವಳು ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲು ತೆರೆದವಳೇ ಬೆನ್ನು ತಿರುಗಿಸಿ ಒಳಗೆ ಹೋದಳು.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ," ಎಂದ ಭಾವ.

"ಕೇಳಿದ್ರೆ ನೀವು ಸುಳ್ಳು ಬರೆದಿಲ್ಲ ಅಂತಿದ್ರಿ ಭಾವ. ನಾನು ನಂಬಿಬಿಡ್ತಿದ್ದೆ. ಲಾರಿ ಎಣಿಸ್ತಿರಲಿಲ್ಲ."



ಅಕ್ಕ ಎರಡು ತಿಂಗಳು ಅವಳೊಂದಿಗೆ ಮಾತು ಬಿಟ್ಟಳು. ಭಾವ ಮಾತ್ರ ಯಂತ್ರ ಮತ್ತೆ ಶುರುವಾದ ಬೆಳಿಗ್ಗೆಯೇ ಫೋನ್ ಮಾಡಿದ. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ. "ಇನ್ಮೇಲೆ ಮೊಳೆ ಕೂದಲೆಳೆಯಷ್ಟು ಇಳಿದ್ರೂ ಮೊದಲು ನನಗೆ ಹೇಳು," ಎಂದ. "ಆಮೇಲೆ ಬೇಕಾದ್ರೆ ಲಾರಿ ಎಣಿಸು."